ಹೊಳಿ ಕಾಣೋ ಕಡೆಯ ಕಿಟಕಿ

ಹೋದ ತಿಂಗಳು ಒಂದು ಮದುವೆಗೆಂದು ಆಳಂದಕ್ಕೆ ಹೋಗಿದ್ದೆ. ತೊಗರಿ ರಾಶಿಯ ದಿನಗಳು. ಬಸ್ಸಿನಿಂದ ಇಳಿಯುವ ಮೊದಲೇ ಹೊಟ್ಟಿನ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಮಗಳು "ಎಷ್ಟು ಛಲೋ ವಾಸನಿ ಅದ ನೋಡವ್ವಾ" ಎಂದಳು. ಹುರಿದಂತೆ, ತುಸು ಸಿಹಿಯಾಗಿ ಬರುವ ಆ ವಾಸನೆ ಯಾರಿಗಾದರೂ ಹಿಡಿಸಬೇಕಾದ್ದೇ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆ ವಾಸನೆ ಬಂದರೆ ಅದರ ಹಿಂದೆಯೇ ನನಗೆ ನಮ್ಮ ಅತ್ತೆಯ ಕೆಮ್ಮು ಕೇಳಿಸುತ್ತದೆ, ಈಗಲೂ.

ತೊಂಬತ್ತರ ದಶಕದ ಮೊದಲ ವರ್ಷಗಳು. ನೆಲೋಗಿಯಿಂದ ಮದುವೆಯಾಗಿ ಆಳಂದದ ಆ ಮನೆಗೆ ಬಂದಾಗ ನನಗೆ ಧೂಳು ಹೊಸದೇನೂ ಆಗಿರಲಿಲ್ಲ. ಆದರೆ ನಮ್ಮೂರಿನದು ಹೊಲದ ಧೂಳು, ಗಾಳಿ ಬಂದಾಗ ಬರುತ್ತದೆ, ಹೋಗುತ್ತದೆ. ಈ ಮನೆಯ ಗೋಡೆಗೆ ಅಂಟಿಕೊಂಡೇ ಬೇಳೆ ಮಿಲ್ಲು ಇತ್ತು. ರಾಶಿ ಶುರುವಾದರೆ ಮುಗಿಯುವ ತನಕ ಹಗಲೆಲ್ಲ ಹಳದಿ ಧೂಳು. ರೊಟ್ಟಿಯ ಮೇಲೆ, ಹಾಸಿಗೆಯ ಮೇಲೆ, ಜಗಲಿಯ ಮೇಲಿನ ವಿಭೂತಿ ಕರಡಿಗೆಯ ಮೇಲೆ. ಬೆಳಿಗ್ಗೆ ಒರೆಸಿದ ಜಾಗದಲ್ಲಿ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಅತ್ತೆ ಗುರುಬಾಯಿಗೆ ದಮ್ಮು. ಮಿಲ್ಲಿನ ಪಟ್ಟಿ ತಿರುಗಲು ಶುರುವಾದರೆ ಅವರ ಎದೆಯೂ ಸುಯ್ಯೆಂದು ಶುರುವಾಗುತ್ತಿತ್ತು. ಗುಲಬರ್ಗಾದ ಡಾಕ್ಟರು ಎರಡೇ ಮಾತು ಹೇಳಿದ್ದರು: ಈ ಧೂಳು ಬಿಡಿ, ಸಾಧ್ಯವಾದರೆ ಬೇಸಿಗೆಯಲ್ಲಿ ಒಂದಿಷ್ಟು ದಿನ ತಣ್ಣಗಿನ ಕಡೆ ಇದ್ದು ಬನ್ನಿ.

ಮಾವ ಚನ್ನಬಸಪ್ಪನವರು ತೊಗರಿ ಬಜಾರಿನಲ್ಲಿ ದಲಾಲಿ ಮಾಡುತ್ತಿದ್ದರು. ಮಾತು ಕಡಿಮೆ, ಸಿಟ್ಟು ಜಾಸ್ತಿ, ಹೆಂಡತಿಯ ಮೇಲೆ ಜೀವ. ಊರ ಆ ತುದಿಗೆ, ಬೇವಿನ ಗಿಡಗಳ ನಡುವೆ ಒಂದು ಮನೆ ಮಾರಾಟಕ್ಕಿತ್ತು. ಮನೆಯವನೊಂದಿಗೆ ಮಾತಾಗಿತ್ತು, ಅಕ್ಷಯ ತದಿಗಿಯ ಹೊತ್ತಿಗೆ ಖರೀದಿ ಮಾಡುವುದೆಂದು. ಅದಕ್ಕೆ ಬೇಕಾದ ದುಡ್ಡನ್ನೆಲ್ಲ ವರ್ಷಗಟ್ಟಲೆ ಕೂಡಿಸಿ ಇಟ್ಟಿದ್ದರು. ಅತ್ತೆ ಆ ಮನೆಯನ್ನು ನೋಡಿ ಬಂದು ಒಲೆ ಎಲ್ಲಿ, ನೀರಿನ ಹಂಡೆ ಎಲ್ಲಿ ಎಂದು ನನಗೆ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ್ದರು. "ಅಲ್ಲಿ ಹೋದ ಮ್ಯಾಲ ನಾ ಹೊರಗ ಮಲಕೊಳ್ತೇನಿ ನೋಡು ಶಾಂತಾ, ಬಾಯಿ ಮುಚ್ಚಿಕೊಂಡು, ಮೂಗಿಲೆ ಉಸರ ತೊಗೊಂಡು" ಎಂದಿದ್ದರು. ಮೂಗಿನಿಂದ ಉಸಿರಾಡುವುದನ್ನು ಹಬ್ಬದಂತೆ ಕಾಯುತ್ತಿದ್ದ ಮನುಷ್ಯರನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

ಶಿವರಾತ್ರಿ ಆದ ಮೇಲೆ ಒಂದು ದಿನ ಟೈ ಕಟ್ಟಿಕೊಂಡ ತರುಣನೊಬ್ಬ ಮಾವ ದಲಾಲಿಗೆ ಕೂರುವ ಅಡತಿ ಅಂಗಡಿಗೆ ಬಂದು ಅವರ ಕೈಗೆ ಚಿನ್ನದ ಅಂಚಿನ ಆಮಂತ್ರಣ ಕೊಟ್ಟುಹೋದನಂತೆ. ಊರಿನ ಆಯ್ದ ಕೆಲವೇ ದಂಪತಿಗಳಿಗೆ ಸತ್ಕಾರ, ಊಟ, ಕಾಣಿಕೆ. ಗಂಡ ಹೆಂಡತಿ ಇಬ್ಬರೂ ಬರಲೇಬೇಕು. ಮತ್ತೊಬ್ಬರಿಗೆ ಹೇಳಬಾರದು, ಯಾಕೆಂದರೆ ಕರೆಯದವರು ಬೇಜಾರು ಮಾಡಿಕೊಳ್ಳುತ್ತಾರೆ. ಎಷ್ಟು ಸಭ್ಯವಾದ ಕಾರಣ! ನಾವೂ ಮರ್ಯಾದಸ್ಥರಂತೆ ಯಾರಿಗೂ ಹೇಳಲಿಲ್ಲ. ಅತ್ತೆ ಮಾವನ ಜೊತೆ ತಾವೊಬ್ಬರೇ ಹೋಗಲು ನಾಚಿ ನನ್ನನ್ನೂ ಎಳೆದುಕೊಂಡು ಹೋದರು.

ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನ ಮೇಲ್ಮಾಳಿಗೆ. ಕೂಲರ್ ಗಾಳಿ, ಗುಲಾಬಿ ನೀರು, ಜಿಲೇಬಿ. ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಒಂದು ಜೋಡಿಗೆ ಒಂದು ಹೊತ್ತು ಎಂದು ಕರೆಯುತ್ತಿದ್ದರೆಂದು ಬಹಳ ಕಾಲದ ಮೇಲೆ ತಿಳಿಯಿತು. ಸುಧೀರ ಎಂದು ಹೆಸರು ಹೇಳಿದ ಆ ತರುಣ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿ ಮಾವನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ದೊಡ್ಡ ದೊಡ್ಡ ಬಣ್ಣದ ಫೋಟೋಗಳು. ಮಹಾರಾಷ್ಟ್ರದ ಕಡೆಯ ಒಂದು ಗುಡ್ಡ, ಗುಡ್ಡದ ತುಂಬ ಮಂಜು, ಮಂಜಿನ ನಡುವೆ ಬಿಳಿಯ ಬಂಗಲೆ. ಆ ಬಂಗಲೆಯ ಒಂದು ಕೋಣೆ ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ವಾರ ನಿಮ್ಮದು. ನಿಮ್ಮ ಕಾಲಕ್ಕೆ ನಿಮ್ಮದು, ಆಮೇಲೆ ಮಕ್ಕಳದು, ಮೊಮ್ಮಕ್ಕಳದು. ಬೇಡವಾದರೆ ಎರಡು ಪಟ್ಟು ಬೆಲೆಗೆ ಕಂಪನಿಯೇ ವಾಪಸು ಕೊಳ್ಳುತ್ತದೆ.

ಮಾವ ಕುರ್ಚಿಯ ತುದಿಗೆ ಸರಿದು ಕೂತಿದ್ದರು. ಅವರ ಮುಖ ನೋಡಿದರೆ ಎದ್ದು ಹೊರಡುವ ಹಾಗೇ ಇತ್ತು. ಆಗ ಅವನು ಅತ್ತೆಯ ಕಡೆ ತಿರುಗಿದ.

"ತಾಯೀ, ನಿಮ್ಮ ಕ್ವಾಣಿಗಿ ಕಿಟಕಿ ಯಾವ ಕಡಿ ಇರ್ಬೇಕ್ರಿ?"

ಅತ್ತೆ ತಬ್ಬಿಬ್ಬಾದರು. ಹುಟ್ಟಿದಾಗಿನಿಂದ ಯಾರೂ ಅವರನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ, "ಹೊಳಿ ಕಾಣೋ ಕಡಿ ಇದ್ದರ ಛಲೋ ಆಗ್ತದ್ರಿ" ಎಂದರು. ಅವರ ತವರು ಅಫಜಲಪುರದ ಕಡೆ, ಭೀಮೆಯ ದಂಡೆ. ಹುಡುಗಿಯಾಗಿದ್ದಾಗ ಎದ್ದು ಬಾಗಿಲು ತೆರೆದರೆ ನೀರು ಕಾಣುತ್ತಿತ್ತಂತೆ. "ಹೊಳಿ ಅದರೀ ತಾಯೀ, ಕೆಳಗ ಹರೀತದ. ಆದರ ಆ ಕಡಿ ಕ್ವಾಣಿ ಒಂದೇ ಉಳದದ. ಇವತ್ತ ಹೇಳಿದರ ನಿಮ್ಮದು. ನಾಳಿಗಿ ನಾ ಹೇಳಲಾರೆ" ಎಂದ ಅವನು. ಮಾವ ಅತ್ತೆಯ ಮುಖವನ್ನು ನೋಡಿದರು. ಆ ಮುಖದಲ್ಲಿ ಕಂಡದ್ದನ್ನು ನಾನೂ ಕಂಡೆ. ಅವರು ಇನ್ನು ಎದ್ದು ಹೊರಡುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಸುಧೀರ ಕಾಗದಗಳನ್ನು ಮುಂದೆ ಸರಿಸಿದ. ಮಾವ ಅವನ್ನು ಪಕ್ಕಕ್ಕೆ ತಳ್ಳಿದರು. "ಕಾಗದ ಹಿಂದಾಗಡೆ. ಮೊದಲ ಹಿಂಗ ಬಾ" ಎಂದು ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ತೆಗೆದು ಮೇಜಿನ ಮೇಲೆ ಹರಡಿದರು.

ಅವರ ಬಜಾರಿನಲ್ಲಿ ಆಗಿನ್ನೂ ದೊಡ್ಡ ವ್ಯಾಪಾರಗಳು ಹಾಗೆಯೇ ನಡೆಯುತ್ತಿದ್ದವು. ಕೊಳ್ಳುವವನೂ ಮಾರುವವನೂ ವಲ್ಲಿಯ ಕೆಳಗೆ ಕೈ ಹಿಡಿದುಕೊಳ್ಳಬೇಕು. ಬಾಯಿ ಏನೂ ಹೇಳುವುದಿಲ್ಲ, ಬೆರಳು ಒತ್ತಿಯೇ ದರ ಏರುತ್ತದೆ, ಇಳಿಯುತ್ತದೆ. ಕೊನೆಗೊಮ್ಮೆ ಇಡೀ ಅಂಗೈ ಒತ್ತಿದರೆ ಮುಗಿಯಿತು. ಆಮೇಲೆ ದರ ಬಿದ್ದರೂ ಏರಿದರೂ ಇಬ್ಬರೂ ಹಿಂದೆ ಸರಿಯುವಂತಿಲ್ಲ. ಸರಿದವನ ಜೊತೆ ಮತ್ತೆ ಯಾರೂ ವಲ್ಲಿ ಹಾಕುವುದಿಲ್ಲ. ಮಾವನ ಕೈಯಲ್ಲಿ ಹಾಗೆ ಮುಗಿದ ವ್ಯಾಪಾರ ಒಂದೂ ಮುರಿದಿರಲಿಲ್ಲ. ಆ ಹುಡುಗನಿಗೆ ಇದೇನೂ ಗೊತ್ತಿರಲಿಲ್ಲ, ಆದರೆ ಚುರುಕಿನವನು, ನಕ್ಕು ಕೈ ಇಟ್ಟ. ಮಾವ ಬೆರಳು ಹಿಡಿದು ಹಿಡಿದು ದರ ಇಳಿಸಿದರು. ಅವನು ಅಯ್ಯೋ ಅಪ್ಪಾ ಎಂದು ಅಳುಮುಖ ಮಾಡಿ ಇಳಿಯುತ್ತ ಬಂದ. ಕೊನೆಗೆ ಅಂಗೈ ಒತ್ತಿದ್ದಾಯಿತು. ಮೊದಲ ಕಂತು ಆ ಸಂಜೆಗೇ, ಉಳಿದದ್ದು ಯುಗಾದಿ ಆದ ಮೇಲೆ. ಕಾಗದಗಳನ್ನು ಕಂಪನಿಯ ಶಿಕ್ಕೆ ಹಾಕಿಸಿ ಕಳಿಸುತ್ತೇವೆಂದು ಅವನೇ ಇಟ್ಟುಕೊಂಡ. ಅತ್ತೆಯ ಕೈಗೆ ಕಾಣಿಕೆ ಎಂದು ಒಂದು ಕೆಂಪು ಫ್ಲಾಸ್ಕು ಕೊಟ್ಟ, ಮೇಲೆ ಬಿಳಿಯ ಹೂವಿನ ಚಿತ್ರ.

ಮನೆಗೆ ಬರುವಾಗ ಮಾವ ಗೆದ್ದವರ ಹಾಗೆ ನಡೆಯುತ್ತಿದ್ದರು. "ಹುಡುಗನ ಕೈ ಬೆವತಿತ್ತು" ಎಂದು ಮನೆ ಮುಟ್ಟಿದ ಮೇಲೆ ನನ್ನ ಗಂಡನಿಗೆ ಹೇಳಿ ನಕ್ಕರು.

ಇಲ್ಲಿ ನನಗೆ ಈಗಲೂ ಸಿಟ್ಟು ಬರುತ್ತದೆ. ಒಂದು ಎಕರೆ ಹೊಲ ಕೊಳ್ಳುವುದಿದ್ದರೆ ಇದೇ ಮಾವ ಪಹಣಿ ತೆಗೆಸುತ್ತಿದ್ದರು, ಬದುವಿನ ಮೇಲೆ ನಡೆದು ನೋಡುತ್ತಿದ್ದರು, ಪಕ್ಕದ ಹೊಲದವನಿಗೆ ಚಹಾ ಕುಡಿಸಿ ವಿಚಾರಿಸುತ್ತಿದ್ದರು. ತೊಗರಿಯಾದರೆ ಚೀಲದ ತಳಕ್ಕೆ ಕೈ ಹಾಕಿ ಕಾಳು ಕಚ್ಚಿ ನೋಡುತ್ತಿದ್ದರು. ಕಾಣದ ಗುಡ್ಡದ ಮೇಲಿನ ಕಾಣದ ಕೋಣೆಗೆ ಮಾತ್ರ ಒಂದು ಫೋಟೋ ಸಾಕಾಯಿತು. ಅದು ಯಾರ ಜಾಗ, ಯಾರ ಹೆಸರಿನಲ್ಲಿದೆ, ಇವತ್ತೇ ಯಾಕೆ, ನಾಳೆ ಯಾಕಾಗದು, ನಾಲ್ಕು ಜನರಿಗೆ ಯಾಕೆ ಹೇಳಬಾರದು? ಈ ನಾಲ್ಕು ಮಾತು ಕೇಳಿದ್ದರೆ ಸಾಕಿತ್ತು. ನಾನೂ ಕೇಳಲಿಲ್ಲ, ಹೊಸ ಸೊಸೆ, ಜಿಲೇಬಿ ತಿನ್ನುತ್ತ ಕೂತಿದ್ದೆ.

ಯುಗಾದಿಗೆ ಇನ್ನೂ ದಿನಗಳಿದ್ದಾಗ ನನ್ನ ಅಕ್ಕ ಮಹಾದೇವಿ ನನ್ನನ್ನು ನೋಡಲು ಬಂದಳು. ಜೇವರ್ಗಿಯಲ್ಲಿ ಅವಳ ಗಂಡನದು ಬಟ್ಟೆಯ ಅಂಗಡಿ. ಅಡುಗೆಮನೆಯಲ್ಲಿ ಕೂತು ಹರಟುತ್ತಿದ್ದವಳು ತಟ್ಟನೆ ಮಾತು ನಿಲ್ಲಿಸಿ ಗೋಡೆಯೊಳಗಿನ ಮಾಡದ ಕಡೆ ನೋಡಿದಳು.

"ಆ ಫ್ಲಾಸ್ಕ ಎಲ್ಲಿಂದ ಬಂತು ಬೇ?"

ನಾನು ಹೇಳಿದೆ. ಅಕ್ಕ ಎದ್ದುಹೋಗಿ ಬಾಗಿಲು ಮುಂದಕ್ಕೆ ಎಳೆದಳು. "ನಮ್ಮ ಮನ್ಯಾಗೂ ಅದ, ಇಂಥದ್ದೇ. ನಿಮ್ಮ ಭಾವ ಅದನ್ನ ಅಟ್ಟದ ಮ್ಯಾಲ ಒಗದಾರ. ಹೋದ ವರ್ಷ ನಾವು ಹೋಗಿದ್ವಿ. ಬಂಗಲೆನೂ ಇಲ್ಲ, ಸುಡಗಾಡೂ ಇಲ್ಲ. ಬರೇ ಕಂಬ ನಿಂತಾವ. ಒಬ್ಬ ವಾಚಮನ್ ಇದ್ದ, ನಿಮ್ಮಂಥವರು ದಿನಾ ಬರ್ತಾರ, ಅತ್ತು ಹೋಗ್ತಾರ ಅಂದ."

"ಮತ್ತ ನನಗ ಯಾಕ ಹೇಳ್ಲಿಲ್ಲ?"

"ಹ್ಯಾಂಗ ಹೇಳ್ಲಿ? ಅಂಗಡಿ ಇಟ್ಟವರು ಮೋಸ ಹೋದರು ಅಂತ ಗೊತ್ತಾದರ ನಾಳಿ ಗಿರಾಕಿ ನಗ್ತಾರ ಅಂತಾರ ಇವರು. ಆಣಿ ಹಾಕಿಸ್ಯಾರ. ನೀ ಯಾರ ಮುಂದೂ ಅನಬ್ಯಾಡ. ಆದರ ಉಳದದ್ದು ಮಾತ್ರ ಕೊಡಗೊಡಬ್ಯಾಡ."

ಆ ಸಂಜೆ ಮಾವ ಕೈಕಾಲು ತೊಳೆದು ಕೂತಾಗ ನಾನು ಅಕ್ಕನ ಹೆಸರನ್ನೇ ಹೇಳಿ ಎಲ್ಲ ಹೇಳಿಬಿಟ್ಟೆ. ನನ್ನ ಗಂಡ ಅಪ್ಪನ ಎದುರು ಬಾಯಿ ಬಿಡದ ಮನುಷ್ಯ, ಅವತ್ತು ಅವರೂ "ಅಪ್ಪಾ, ಬಿಡ್ರಿ, ಕೊಟ್ಟಿದ್ದು ಹೋಗಲಿ" ಎಂದರು. ಮಾವ ವಲ್ಲಿಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನಿನ್ನ ಭಾವ ಕಾಗದಕ್ಕ ಸಹಿ ಮಾಡಿದ್ದ ಯವ್ವಾ. ಕಾಗದಕ್ಕ ಯಾವ ಮರ್ಯಾದಿ? ನಾ ವಲ್ಲಿ ಹಾಕೀನಿ. ಅಂವ ವಲ್ಲಿ ಕೆಳಗ ಕೈ ಇಟ್ಟಾನ. ಕೈ ಇಟ್ಟವ ಸುಳ್ಳ ಹೇಳಲ್ಲ."

"ಅವನಿಗಿ ವಲ್ಲಿ ಅಂದರ ಏನ್ ಗೊತ್ತದ್ರಿ ಮಾವಾ?"

"ಅವನಿಗಿ ಗೊತ್ತಿಲ್ಲಾಂದ್ರ ನನಗ ಗೊತ್ತದ. ಇವತ್ತ ನಾ ಕೈ ಬಿಟ್ಟರ ನಾಳಿ ಬಜಾರದಾಗ ಯಾವ ಮಾರಿ ತೊಗೊಂಡು ವಲ್ಲಿ ಹಾಸಲಿ?"

ಒಳಗಿನಿಂದ ಅತ್ತೆಯ ಕೆಮ್ಮು ನಿಂತಿತ್ತು. ಅವರು ಎಲ್ಲ ಕೇಳಿಸಿಕೊಂಡಿದ್ದರು. ಒಂದು ಮಾತು ಅಂದಿದ್ದರೆ ಮಾವ ನಿಲ್ಲುತ್ತಿದ್ದರೋ ಏನೋ. ಅನ್ನಲಿಲ್ಲ. ಗಂಡನ ಮಾತು ಉಳಿಸಲೆಂದೋ, ಕಿಟಕಿಯ ಆಸೆಗೋ, ನನಗೆ ತಿಳಿಯದು. ಯುಗಾದಿಯ ಬೇವು ಬೆಲ್ಲ ತಿಂದ ವಾರದಲ್ಲೇ ಬೇವಿನ ಗಿಡದ ಮನೆಗೆಂದು ಇಟ್ಟದ್ದೆಲ್ಲ ಹೋಯಿತು. ಅಕ್ಷಯ ತದಿಗಿಗೆ ಆ ಮನೆಯನ್ನು ಇನ್ಯಾರೋ ಕೊಂಡರು. ನೆಲದ ಮೇಲೆ ಗೀಚಿದ್ದ ಒಲೆಯನ್ನು ಧೂಳು ಯಾವಾಗಲೋ ಮುಚ್ಚಿತ್ತು.

ಮೇ ತಿಂಗಳಲ್ಲಿ ಹೊರಟೆವು. ಮಾವ, ಅತ್ತೆ, ನಾವಿಬ್ಬರು. ಅತ್ತೆ ಇಳಕಲ್ ಸೀರೆ ಉಟ್ಟು, ಕೆಂಪು ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸೊಲ್ಲಾಪುರದ ಬಿಸಿಲು ದಾಟುವಾಗ ಅವರ ತುಟಿ ನೀಲಿಯಾಗಿತ್ತು. ಮರುದಿನ ಬಸ್ಸು ಘಾಟಿ ಏರುತ್ತಿದ್ದ ಹಾಗೆ ಗಾಳಿ ತಣ್ಣಗಾಯಿತು. ಅತ್ತೆ ಕಿಟಕಿಗೆ ಮುಖ ಕೊಟ್ಟು ಕೂತರು. ಸ್ವಲ್ಪ ಹೊತ್ತಾದ ಮೇಲೆ ಏನೋ ಕಡಿಮೆಯಾದಂತೆ ಅನಿಸಿ ತಿರುಗಿ ನೋಡಿದೆ. ಅವರ ಎದೆಯ ಸುಯ್ ಸದ್ದು ನಿಂತಿತ್ತು. ಬಾಯಿ ಮುಚ್ಚಿತ್ತು. ಆ ಒಂದು ಗಳಿಗೆ ನಾನು ದೇವರಲ್ಲಿ ಬೇಡಿಕೊಂಡೆ: ಅಕ್ಕ ಸುಳ್ಳಾಗಲಿ, ಆ ಹುಡುಗ ಖರೆ ಆಗಲಿ.

ಕಂಬಗಳಿದ್ದವು. ಅಕ್ಕ ಹೇಳಿದ್ದಕ್ಕಿಂತ ಹೆಚ್ಚೆಂದರೆ ನಾಲ್ಕು ಗೋಡೆ ಎದ್ದಿದ್ದವು, ಅದಕ್ಕೂ ಪಾಚಿ ಕಟ್ಟಿತ್ತು. ಬಾಗಿಲಿಲ್ಲ, ಛಾವಣಿಯಿಲ್ಲ. ವಾಚಮನ್ ಮುದುಕ ನಮ್ಮನ್ನು ನೋಡಿ ಏನೂ ಕೇಳಲಿಲ್ಲ. ಅತ್ತೆಗೆ ಕೂರಲು ಒಂದು ಸಿಮೆಂಟಿನ ಇಟ್ಟಂಗಿ ಸರಿಸಿಕೊಟ್ಟ. ಮಾವ ಅವನಿಗೆ ಕಂಪನಿಯ ಹೆಸರು ಹೇಳಿದರು, ಸುಧೀರನ ಹೆಸರು ಹೇಳಿದರು, ಕೊನೆಗೆ ವಲ್ಲಿ ಹಾಕಿದ್ದನ್ನೂ ಹರಕು ಹಿಂದಿಯಲ್ಲಿ ಹೇಳತೊಡಗಿದರು. ಅವನಿಗೆ ಅರ್ಥವಾಗಲಿಲ್ಲ. ನಾನು ಮುಖ ತಿರುಗಿಸಿದೆ, ನನ್ನ ಮಾವ ಅಷ್ಟು ಸಣ್ಣವರಾಗಿ ಕಾಣುವುದನ್ನು ನನ್ನಿಂದ ನೋಡಲಾಗಲಿಲ್ಲ.

ಅತ್ತೆ ಎದ್ದು ಗೋಡೆ ಹಿಡಿದುಕೊಂಡು ಹಿಂಬದಿಗೆ ಹೋದರು. ಅಲ್ಲಿ ಗೋಡೆಯಲ್ಲಿ ಚೌಕಟ್ಟಿಲ್ಲದ ಒಂದು ದೊಡ್ಡ ಕಂಡಿ ಬಿಟ್ಟಿದ್ದರು. ಅದರ ಎದುರು ನಿಂತರು. ನಾನು ಹಿಂದೆಯೇ ಹೋದೆ. ಕೆಳಗೆ, ಬಹಳ ಕೆಳಗೆ, ಹಸಿರಿನ ನಡುವೆ ಒಂದು ಹೊಳೆ ಹರಿಯುತ್ತಿತ್ತು.

"ಕಿಟಕಿ ಮಾತ್ರ ಖರೇನ ಹೇಳಿದ್ದ ನೋಡು ಹುಡುಗ" ಎಂದರು ಅತ್ತೆ. ಬೈಗುಳವಾಗಿ ಅಲ್ಲ, ಅವನ ಪರವಾಗಿ ಎಂಬಂತೆ.

ಬಸ್ಸಿನ ಹೊತ್ತಾಗುವ ತನಕ ಅಲ್ಲೇ ಕೂತೆವು. ಫ್ಲಾಸ್ಕಿನ ನೀರು ಇನ್ನೂ ಬಿಸಿಯಾಗಿತ್ತು. ಅತ್ತೆ ಒಂದು ಗುಟುಕು ಕುಡಿದು, ಮಾವನಿಗೆ ಕೊಟ್ಟು, ಮತ್ತೆ ಹೊಳೆಯ ಕಡೆ ನೋಡುತ್ತಿದ್ದರು. ಒಂದು ಸಲವೂ ಕೆಮ್ಮಲಿಲ್ಲ. ಅದೇ ಕೆಟ್ಟದ್ದಾಯಿತು. ಗಾಳಿ ಎಂದರೆ ಹೇಗಿರುತ್ತದೆ ಎಂದು ತಿಳಿದುಕೊಂಡ ಮೇಲೆ ಅವರನ್ನು ನಾವು ಮತ್ತೆ ಮಿಲ್ಲಿನ ಗೋಡೆಗೆ ಕರೆತಂದೆವು.

ಅಷ್ಟಕ್ಕೇ ಮುಗಿಯಲಿಲ್ಲ. ದೀಪಾವಳಿ ಆದ ಮೇಲೆ ಇನ್ನೊಬ್ಬ ಬಂದ, ವಯಸ್ಸಾದವನು, ಕನ್ನಡಕದವನು. ಹಳೆಯ ಕಂಪನಿ ಕೆಟ್ಟದ್ದು, ತಾನು ಮೋಸ ಹೋದವರ ಪರ, ನಿಮ್ಮ ವಾರವನ್ನು ಕೊಳ್ಳಲು ಮುಂಬಯಿಯಲ್ಲಿ ಗಿರಾಕಿ ತಯಾರಿದ್ದಾನೆ, ವರ್ಗಾವಣೆಯ ಖರ್ಚು ಮಾತ್ರ ಮುಂಗಡ ಕಟ್ಟಬೇಕು. ನಮ್ಮ ಹೆಸರು, ಅತ್ತೆಯ ಹೆಸರು, ಕಿಟಕಿ ಯಾವ ಕಡೆ ಎಂಬುದು ಕೂಡ ಅವನಿಗೆ ಗೊತ್ತಿತ್ತು. ಮೊದಲಿನವನು ಹೇಳದೆ ಅದೆಲ್ಲ ಎಲ್ಲಿಂದ ಗೊತ್ತಾಗಬೇಕು? ನಾನು ಮಾವನನ್ನು ಒಳಗೆ ಕರೆದು ಇದನ್ನೇ ಹೇಳಿದೆ. ಅವರು ಈ ಸಲ ವಲ್ಲಿ ತೆಗೆಯಲಿಲ್ಲ. "ಇಲ್ಲ ಯವ್ವಾ, ನಾ ಕಲ್ತೀನಿ. ಈ ಸಲ ಕಾಗದ ಕೇಳ್ತೇನಿ" ಎಂದರು. ಆ ಮನುಷ್ಯ ಬೇಕಾದಷ್ಟು ಕಾಗದ ಕೊಟ್ಟ. ಸ್ಟಾಂಪು, ಶಿಕ್ಕೆ, ಕೆಂಪು ದಾರ. ಅತ್ತೆಯ ಕೈಯ ಚಿನ್ನದ ಪಾಟಲಿಗಳು ಆ ಕಾಗದಗಳ ಹಿಂದೆ ಹೋದವು. ಮುಂಬಯಿಯ ಗಿರಾಕಿ ಇವತ್ತಿಗೂ ಬಂದಿಲ್ಲ.

ಮಾವ ಬಜಾರಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ವಲ್ಲಿ ಹಾಸುವುದನ್ನು ಬಿಟ್ಟರು. ಯಾರೂ ಏನೂ ಅಂದಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ ಎಂದೇ ನಾವು ನಂಬಿದ್ದೆವು. ಊರಲ್ಲಿ ನಾವೊಬ್ಬರೇ ಮೂರ್ಖರು ಎಂದು ತಲೆ ತಗ್ಗಿಸಿ ನಡೆಯುತ್ತಿದ್ದೆವು. ನೆರೆಯವರು ಗುಡ್ಡದ ಪ್ರವಾಸ ಹೇಗಿತ್ತೆಂದು ಕೇಳಿದರೆ "ಭಾಳ ಥಂಡ ಇತ್ರಿ" ಎಂದಷ್ಟೇ ಹೇಳುತ್ತಿದ್ದೆ. ಅವರೂ ಮುಂದೆ ಕೇಳುತ್ತಿರಲಿಲ್ಲ.

ಮರುವರ್ಷದ ತೊಗರಿ ಬಂತು. ಮಿಲ್ಲು ಶುರುವಾಯಿತು. ಅತ್ತೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಶಾಂತಾ, ಆ ಕಂಡಿ ಮುಚ್ಯಾರೇನು ಈಗ? ಕಿಟಕಿ ಹಚ್ಚಿರಬೇಕು ಅಲ್ಲ?" ಎಂದರು. ನಾನು ಹೌದ್ರಿ ಎಂದೆ. ಸಂಜೆ ಮಿಲ್ಲು ನಿಲ್ಲುವ ಹೊತ್ತಿಗೆ ಅವರೂ ಹೋದರು.

ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮಣ್ಣು ಮಾಡಿ ಬಂದವರಿಗೆ ನೆರೆಹೊರೆಯವರೇ ಚಹಾ ತರಬೇಕು. ಮರುದಿನ ಎಲ್ಲ ಮುಗಿಸಿ ಬಂದು ಮಾವ ಕಟ್ಟೆಯ ಮೇಲೆ ಕೂತಿದ್ದರು. ಮೊದಲು ಎದುರುಮನೆಯ ಕಿರಾಣಿ ಅಂಗಡಿಯವರ ಹೆಂಡತಿ ಸೆರಗಿನ ಕೆಳಗೆ ಏನೋ ಹಿಡಿದು ಬಂದರು. ಕಟ್ಟೆಯ ಮೇಲೆ ಇಟ್ಟರು. ಕೆಂಪು ಫ್ಲಾಸ್ಕು, ಮೇಲೆ ಬಿಳಿಯ ಹೂವು. ನಾನು ನಮ್ಮದನ್ನೇ ಯಾರೋ ಒಯ್ದಿದ್ದರೇನೋ ಅಂದುಕೊಂಡೆ. ಅಷ್ಟರಲ್ಲಿ ಮಾಸ್ತರರ ಮನೆಯಿಂದ ಇನ್ನೊಂದು ಬಂತು. ಅದೇ ಕೆಂಪು, ಅದೇ ಹೂವು. ಆಮೇಲೆ ಮಿಲ್ಲಿನ ಮಾಲೀಕರ ಮನೆಯಿಂದ. ಆಮೇಲೆ ಮಾವನ ಜೊತೆ ಬಜಾರಿನಲ್ಲಿ ಕೂರುವ ದಲಾಲರ ಮನೆಯಿಂದ. ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ತಂದದ್ದನ್ನು ಸಾಲಾಗಿ ಇಟ್ಟರು. ಇಟ್ಟಮೇಲೆ ಎಲ್ಲರೂ ಆ ಸಾಲನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡತೊಡಗಿದರು.

ಮಾವ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದಾಗಿ ನೋಡಿದರು. ಹೆಗಲ ಮೇಲಿನ ವಲ್ಲಿ ತೆಗೆದು ಮುಖಕ್ಕೆ ಮುಚ್ಚಿಕೊಂಡರು. ಕಿರಾಣಿ ಅಂಗಡಿಯವರ ಹೆಂಡತಿ ಮೊದಲ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಚಹಾ ಬಸಿದು, "ಕುಡೀರಿ ಅಣ್ಣಾರ, ಇನ್ನೂ ಬಿಸಿ ಅದ" ಎಂದರು.